ನಿಮಗಿದು ಗೊತ್ತೆ? ಮೂಗಿನೊಳಗೆ ಡೊಂಕು ಒಂದು ಕಡೆ, ಉಬ್ಬು ಇನ್ನೊಂದು ಕಡೆ

ಮೂಗಿನ ನಡುಗೋಡೆ ಒಂದು ಪಕ್ಕಕ್ಕೆ ಬಾಗಿದ್ದರೆ, ಇನ್ನೊಂದು ಪಕ್ಕದ ಕೆಳ ಟರ್ಬಿನೇಟ್ (ಮೂಗಿನ ಪಕ್ಕದ ಗೋಡೆಯಿಂದ ಒಳಚಾಚಿದ ಮೂಳೆಯ ಮಡಿಕೆ) ಸಾಮಾನ್ಯವಾಗಿ ದಪ್ಪವಾಗಿ ಬೆಳೆದು, ಅಗಲವಾಗಿ ಉಳಿದ ಆ ಜಾಗವನ್ನು ತುಂಬುತ್ತದೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಈ ಜೋಡಿ ಸ್ಪಷ್ಟವಾಗಿ ಕಾಣುತ್ತದೆ. ನಡು ಟರ್ಬಿನೇಟ್ ಒಳಗೆ ಗಾಳಿ ತುಂಬಿ ಉಬ್ಬಿದ್ದರೂ ಗೋಡೆ ಹೆಚ್ಚಾಗಿ ಎದುರು ದಿಕ್ಕಿಗೇ ಬಾಗಿರುತ್ತದೆ. ಉಬ್ಬೇ ಗೋಡೆಯನ್ನು ತಳ್ಳಿತೆ? ಹಾಗೆನ್ನುವುದು ಕಷ್ಟ; ಎರಡರ ನಡುವೆ ಗಾಳಿಯ ಸಂದು ಬಹುಮಟ್ಟಿಗೆ ಉಳಿದೇ ಇರುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹೊಗೆಸೊಪ್ಪು ಬೆಳೆಗಾರರು ಇದನ್ನು ಗಮನಿಸಬೇಕು: ಸೊಪ್ಪು ಹದಮಾಡುವ ಬ್ಯಾರನ್‌ ಹೊಗೆ, ಸೊಪ್ಪಿನ ಧೂಳಿನಿಂದ ಮೂಗಿನ ಒಳಪೊರೆ ಊದಿಕೊಳ್ಳಬಹುದು, ಗೋಡೆ ಡೊಂಕಾಗದು. ಸ್ಕ್ಯಾನ್ ವರದಿಯಲ್ಲಿ ‘ಡಿ.ಎನ್.ಎಸ್.’ ಎಂದು ಬರೆದಿದ್ದರೆ ಗೋಡೆ ಬಾಗಿದೆ ಎಂದಷ್ಟೇ ಅರ್ಥ. ಉಸಿರಾಟಕ್ಕೆ ತೊಂದರೆಯಿಲ್ಲದಿದ್ದರೆ ಅದೊಂದಕ್ಕಾಗಿಯೇ ಆಪರೇಷನ್ ಬೇಕಿಲ್ಲ.