ಮನೆಯ ಇಂಟರ್‌ನೆಟ್ಟಿಗೂ ನೀರಿನ ಲೆಕ್ಕ ಬೇಕು



ಈಗ ಹಳ್ಳಿಯ ಮನೆಗಳಿಗೂ ಇಂಟರ್‌ನೆಟ್ ಬಂದಿದೆ. ಪಹಣಿ ತೆಗೆಯುವುದು, ಮಾರುಕಟ್ಟೆಯ ಧಾರಣೆ ತಿಳಿಯುವುದು, ಮಳೆಯ ಮುನ್ಸೂಚನೆ ನೋಡುವುದು, ಮಕ್ಕಳ ಪಾಠ, ಇವೆಲ್ಲವೂ ಅದರಿಂದ ನಡೆಯುತ್ತವೆ. ಆದರೆ “ಬೆಳಿಗ್ಗೆ ಚೆನ್ನಾಗಿತ್ತು, ಮಧ್ಯಾಹ್ನಕ್ಕೆ ನಿಂತೇ ಹೋಯಿತು” ಎಂಬ ದೂರೂ ಕೇಳಿಬರುತ್ತದೆ. ಲೈನು ಕೆಟ್ಟಿತೆಂದು ತಿಳಿಯುವವರು ಬಹಳ ಮಂದಿ. ಅನೇಕ ಸಲ ಕೆಟ್ಟಿರುವುದು ಲೈನಲ್ಲ. ಆ ದಿನದ ಡೇಟಾ ಮುಗಿದಿರುತ್ತದೆ. ಅದನ್ನು ಮುಗಿಸುವುದರಲ್ಲಿ ಮೊದಲನೆಯದು ಎಚ್.ಡಿ. ವಿಡಿಯೋ.

ವೇಗ ಬೇರೆ, ಮಿತಿ ಬೇರೆ

ಕೆರೆಯನ್ನು ನೆನೆಯಿರಿ. ತೂಬು ಅಗಲವಾದಷ್ಟೂ ನೀರು ಜೋರಾಗಿ ಹರಿಯುತ್ತದೆ. ಆದರೆ ಕೆರೆಯಲ್ಲಿರುವ ನೀರು ಅದರಿಂದ ಹೆಚ್ಚುವುದಿಲ್ಲ. ಇಂಟರ್‌ನೆಟ್ಟಿನ ವೇಗವೆಂಬುದು ತೂಬಿನ ಅಗಲ; ಡೇಟಾ ಮಿತಿಯೆಂಬುದು ಕೆರೆಯ ನೀರು. ವೇಗವನ್ನು ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು ಹೇಳುತ್ತಾರೆ. ಮಿತಿಯನ್ನು ಇಷ್ಟು ಗಿಗಾಬೈಟ್, ಅಂದರೆ ಜಿಬಿ ಎಂದು ಹೇಳುತ್ತಾರೆ. 8 ಬಿಟ್ ಸೇರಿದರೆ 1 ಬೈಟ್. ವೇಗ ಹೆಚ್ಚಿದ್ದರೆ ಮಿತಿಯೂ ಹೆಚ್ಚೆಂದು ತಿಳಿಯಕೂಡದು.

ಎಚ್.ಡಿ. ಏಕೆ ಇಷ್ಟು ನುಂಗುತ್ತದೆ?

ಪರದೆಯ ಚಿತ್ರವು ಸಣ್ಣ ಸಣ್ಣ ಚುಕ್ಕೆಗಳಿಂದ ಆದದ್ದು. 480 ಎಂಬ ಸಾಧಾರಣ ದರ್ಜೆಯಲ್ಲಿ ಒಂದು ಚಿತ್ರಕ್ಕೆ ಸುಮಾರು 4 ಲಕ್ಷ ಚುಕ್ಕೆಗಳು. 1080 ಎಂಬ ಎಚ್.ಡಿ. ದರ್ಜೆಯಲ್ಲಿ 20 ಲಕ್ಷಕ್ಕೂ ಮಿಕ್ಕು. 4ಕೆ ದರ್ಜೆಯಲ್ಲಿ ಸುಮಾರು 83 ಲಕ್ಷ. ಚುಕ್ಕೆ ಹೆಚ್ಚಿದಂತೆಲ್ಲ ಡೇಟಾ ಹೆಚ್ಚು ಬೇಕು. ರಾಗಿಗೆ ಹಿಡಿಯುವ ನೀರಿಗೂ ಕಬ್ಬಿಗೆ ಹಿಡಿಯುವ ನೀರಿಗೂ ಇರುವಂತಹ ಅಂತರವೇ ಇಲ್ಲಿಯೂ ಇದೆ.

ಲೆಕ್ಕವನ್ನು ನೀವೇ ಮಾಡಿ ನೋಡಬಹುದು. 1080 ದರ್ಜೆಗೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಎಂದಿಟ್ಟುಕೊಳ್ಳಿ. ಗಂಟೆಗೆ 3,600 ಸೆಕೆಂಡು. ಗುಣಿಸಿ 8ರಿಂದ ಭಾಗಿಸಿದರೆ 2,250 ಮೆಗಾಬೈಟ್, ಅಂದರೆ ಗಂಟೆಗೆ ಎರಡೂಕಾಲು ಜಿಬಿ. 480 ದರ್ಜೆಗೆ ಸುಮಾರು 1 ಮೆಗಾಬಿಟ್ ಸಾಕು. ಗಂಟೆಗೆ ಅರ್ಧ ಜಿಬಿಗಿಂತಲೂ ಕಡಿಮೆ.

ದಿನಕ್ಕೆ 1.5 ಜಿಬಿ ಇರುವ ಮೊಬೈಲ್ ಪ್ಯಾಕಿನಲ್ಲಿ 1080 ದರ್ಜೆಯ ವಿಡಿಯೋ 40 ನಿಮಿಷಕ್ಕೆ ಮುಗಿಯುತ್ತದೆ. ಅದೇ ಪ್ಯಾಕಿನಲ್ಲಿ 480 ದರ್ಜೆಯದನ್ನು 3 ಗಂಟೆ 20 ನಿಮಿಷ ನೋಡಬಹುದು. ಮಿತಿ ಮುಗಿದ ಮೇಲೆ ಅನೇಕ ಪ್ಯಾಕುಗಳಲ್ಲಿ ವೇಗವು 64 ಕಿಲೋಬಿಟ್ಟಿಗೆ ಇಳಿಯುತ್ತದೆ. ಆ ವೇಗದಲ್ಲಿ ಒಂದು ನಿಮಿಷದ ಎಚ್.ಡಿ. ವಿಡಿಯೋ ಬರಲು ಒಂದೂಕಾಲು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಮಗಳ ಪಾಠ ನಿಲ್ಲುವುದು ಹೀಗೆ.

ಹಾಟ್‌ಸ್ಪಾಟ್ ವಿಷಯದಲ್ಲಿ ಎಚ್ಚರಿಕೆ

ಮೊಬೈಲಿನ ಹಾಟ್‌ಸ್ಪಾಟನ್ನು ಟಿ.ವಿ.ಗೆ ಕೊಟ್ಟಾಗ ನಷ್ಟ ಹೆಚ್ಚು. ಟಿ.ವಿ.ಯು ಅದನ್ನು ಮಿತಿಯಿಲ್ಲದ ವೈಫೈ ಎಂದೇ ಎಣಿಸಿ ದೊಡ್ಡ ದರ್ಜೆಯ ಚಿತ್ರವನ್ನು ಎಳೆದುಕೊಳ್ಳಬಹುದು; ತನ್ನ ಆ್ಯಪ್‌ಗಳನ್ನು ಹೊಸದಾಗಿಸಿಕೊಳ್ಳಲೂಬಹುದು. ಇದು ಬದು ಒಡೆದ ಗದ್ದೆಗೆ ನೀರು ಬಿಟ್ಟಂತೆ.

ಮನೆಗೆ ಫೈಬರ್ ಇದ್ದವರಿಗೆ ಇಷ್ಟು ಕಷ್ಟವಿಲ್ಲ. ತಿಂಗಳಿಗೆ 3,300 ಜಿಬಿ ಮಿತಿಯಿರುವ ಯೋಜನೆಯಲ್ಲಿ, ಮೇಲಿನ ಲೆಕ್ಕದಂತೆ ಒಂದು ಟಿ.ವಿ. ಹಗಲಿರುಳು ಓಡಿದರೂ ಮಿತಿ ಮುಗಿಯದು. ಆದರೆ ಕಡಿಮೆ ಮಿತಿಯ ಯೋಜನೆಗಳೂ ಉಂಟು. ಹಣ ಕಟ್ಟುವ ಮೊದಲು ಮಿತಿ ಎಷ್ಟು, ಮುಗಿದ ಮೇಲೆ ವೇಗ ಎಷ್ಟು ಎಂಬ ಎರಡನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಬಳಕೆಯು ಮಿತಿಯ ಶೇಕಡ 50, 90 ಮತ್ತು 100 ಮುಟ್ಟಿದಾಗ ಬ್ರಾಡ್‌ಬ್ಯಾಂಡ್ ಗ್ರಾಹಕರಿಗೆ ತಿಳಿಸಬೇಕೆಂದು ಟ್ರಾಯ್ 2016ರಲ್ಲಿ ಕಂಪನಿಗಳಿಗೆ ನಿರ್ದೇಶನ ಕೊಟ್ಟಿದೆ. ಆ ಸಂದೇಶಗಳನ್ನು ಓದದೆ ಅಳಿಸಬೇಡಿ.

ನೀವು ಮಾಡಬೇಕಾದುದು

1. ಮೊಬೈಲಿನ ಸಣ್ಣ ಪರದೆಗೆ 480 ದರ್ಜೆ ಧಾರಾಳವಾಗಿ ಸಾಕು. ವಿಡಿಯೋ ಆ್ಯಪಿನ ಸೆಟ್ಟಿಂಗಿನಲ್ಲಿ ಗುಣಮಟ್ಟವನ್ನು ಅಷ್ಟಕ್ಕೆ ಇಡಿ.

2. ಒಂದು ವಿಡಿಯೋ ಮುಗಿದೊಡನೆ ಮತ್ತೊಂದು ತಾನಾಗಿ ಓಡುವುದನ್ನು ನಿಲ್ಲಿಸಿ.

3. ವಾಟ್ಸ್ಆ್ಯಪ್‌ನಲ್ಲಿ ಬಂದ ವಿಡಿಯೋಗಳು ತಾವಾಗಿ ಇಳಿಯದಂತೆ ಮಾಡಿ.

4. ಬೇಸಾಯದ ಒಳ್ಳೆಯ ವಿಡಿಯೋವನ್ನು ಮತ್ತೆ ಮತ್ತೆ ನೋಡುವುದಿದ್ದರೆ ಒಮ್ಮೆ ಇಳಿಸಿಟ್ಟುಕೊಳ್ಳಿ.

5. ಮೊದಲು ಮಕ್ಕಳ ಪಾಠ, ಧಾರಣೆ, ಹವಾಮಾನ. ಸಿನಿಮಾ, ಕ್ರಿಕೆಟ್ ಆಮೇಲೆ.

ದರ್ಜೆ ಇಳಿಸುವುದು ಬಡವರ ಉಪಾಯವೆಂದು ಯಾರೂ ಸಂಕೋಚಪಡಬೇಕಾಗಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ, ಮೊಬೈಲ್ ಜಾಲದ ಹೊರೆ ಇಳಿಸಲು ದೊಡ್ಡ ವಿಡಿಯೋ ಕಂಪನಿಗಳೇ ಏಪ್ರಿಲ್ 14ರ ವರೆಗೆ ಮೊಬೈಲಿಗೆ 480ಕ್ಕಿಂತ ಹೆಚ್ಚಿನ ದರ್ಜೆ ಕೊಡದಿರಲು ಒಪ್ಪಿದ್ದವು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಮ್ಮ ಹಿರಿಯರ ಮಾತು. ಇಂದು ಸಂಜೆಯೇ ಮನೆಯವರೆಲ್ಲ ಸೇರಿ ಮೊಬೈಲಿನ ಸೆಟ್ಟಿಂಗಿನಲ್ಲಿ ಯಾವ ಆ್ಯಪ್ ಎಷ್ಟು ಡೇಟಾ ಬಳಸಿದೆ ಎಂಬುದನ್ನು ನೋಡಿರಿ. ನೀರು ಎಲ್ಲಿ ಸೋರುತ್ತಿದೆ ಎಂಬುದು ಆಗ ತಾನಾಗಿ ತಿಳಿಯುತ್ತದೆ.