ಶೀಟಿನಡಿಯ ಬೇಸಿಗೆ

ಹವಾಮಾನ ಇಲಾಖೆಯ ಉಷ್ಣಮಾಪಕಕ್ಕೆ ಬಿಸಿಲು ತಾಗುವುದಿಲ್ಲ. ಬಿಳಿ ಬಣ್ಣ ಬಳಿದ, ಸುತ್ತಲೂ ಗಾಳಿಯಾಡುವ ಪಟ್ಟಿಗಳಿರುವ ಪೆಟ್ಟಿಗೆಯೊಳಗೆ, ನೆಲದಿಂದ ನಾಲ್ಕಡಿ ಎತ್ತರದಲ್ಲಿ ಅದು ತಣ್ಣಗೆ ನೆರಳಲ್ಲಿರುತ್ತದೆ. ಜಗತ್ತಿನೆಲ್ಲೆಡೆ ಇದೇ ಕ್ರಮ, ತಪ್ಪೂ ಅಲ್ಲ. ಅಳೆಯಬೇಕಾದದ್ದು ಗಾಳಿಯ ಬಿಸಿಯನ್ನು. ಬೆಂಗಳೂರು ನಗರ ಹವಾಮಾನ ಕೇಂದ್ರದಲ್ಲಿ 2016ರ ಏಪ್ರಿಲ್‌ನಲ್ಲಿ ಹೀಗೆ ನೆರಳಲ್ಲಿ ಸಿಕ್ಕ 39.2 ಡಿಗ್ರಿ ಸೆಲ್ಸಿಯಸ್ ಊರಿನ ದಾಖಲೆಯಾಯಿತು. 2024ರ ಏಪ್ರಿಲ್ 28ರಂದು ಪಾದರಸ 38.5ಕ್ಕೆ ಏರಿತು. ಆ ತಿಂಗಳಿಡೀ ಅಲ್ಲಿ ಮಳೆಯ ಲೆಕ್ಕ ಸೊನ್ನೆ; 1983ರ ನಂತರ ಹಾಗಾದದ್ದು ಅದೇ ಮೊದಲು.

ಅದೇ ಊರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಿಗೆ ಹೆಚ್ಚಾಗಿ ಸಿಮೆಂಟು ಶೀಟು ಇಲ್ಲವೇ ತಗಡಿನ ಮಾಡು. ಬೆಳಿಗ್ಗೆ ಹತ್ತಕ್ಕೆಲ್ಲ ಅದು ಕಾಯತೊಡಗುತ್ತದೆ, ಮಧ್ಯಾಹ್ನದ ಹೊತ್ತಿಗೆ ನೆತ್ತಿಯ ಮೇಲೆ ಝಳ ಸುರಿಯುತ್ತದೆ. ಕೆಳಗೆ ಎರಕದ ಕುಲುಮೆ, ಹೀಟ್ ಟ್ರೀಟ್‌ಮೆಂಟ್‌ನ ಫರ್ನೇಸು, ಪೌಡರ್ ಕೋಟಿಂಗ್‌ನ ಓವನ್ನು. ಗಾರ್ಮೆಂಟ್ಸ್ ಆದರೆ ಸಾಲಾಗಿ ಹಬೆಯಾಡುವ ಇಸ್ತ್ರಿ ಮೇಜುಗಳು. ಈ ಮಾಡಿನ ಕೆಳಗಿನ ಉಷ್ಣಾಂಶ ಯಾವ ಬುಲೆಟಿನ್ನಿನಲ್ಲೂ ಬರುವುದಿಲ್ಲ.

ಬಾರದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದರೆ ಇಲಾಖೆ ಅದನ್ನು ಬಿಸಿಗಾಳಿ ಎಂದು ಪರಿಗಣಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ದಾಖಲೆಯ ದಿನವೂ ಆ ಗೆರೆ ದಾಟಲಿಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಅಲ್ಲಿ ಬಿಸಿಲಿಗೆ ಸರ್ಕಾರವೇ ತಲೆಬಾಗುತ್ತದೆ. ಇಲ್ಲಿ ಮಾತ್ರ ‘ನಮ್ಮ ಬೆಂಗಳೂರಿಗೆ ಫ್ಯಾನೇ ಬೇಡ’ ಎಂಬ ಹಳೆಯ ಜಂಬ. ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬರುವವರು ಬಿಸಿಲು ನಮಗೆ ಹೊಸದಲ್ಲ ಬಿಡಿ ಎನ್ನುತ್ತಾರೆ. ಆದರೆ ಊರಲ್ಲಿ ಮಧ್ಯಾಹ್ನ ಬೇವಿನ ಮರದಡಿ ಕೂರುವ ಪದ್ಧತಿಯಿದೆ. ಸರ್ಜಾಪುರ ರಸ್ತೆಯ ಸೈಟಿನಲ್ಲಿ ಬೇವಿನ ಮರವೂ ಇಲ್ಲ, ಕೂರುವ ಪುರುಸೊತ್ತೂ ಇಲ್ಲ.

ದೇಹಕ್ಕೆ ಇಲಾಖೆಯ ಗೆರೆ ಗೊತ್ತಿಲ್ಲ. ದುಡಿಯುವ ಸ್ನಾಯು ಬಳಸುವ ಶಕ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬಿಸಿಯಾಗಿಯೇ ಹೊರಬೀಳುತ್ತದೆ. ಸುತ್ತಲಿನ ಗಾಳಿ ಚರ್ಮಕ್ಕಿಂತ ತಂಪಾಗಿದ್ದರೆ ಆ ಬಿಸಿ ಸಲೀಸಾಗಿ ಕಳೆದುಹೋಗುತ್ತದೆ. 35 ಡಿಗ್ರಿ ದಾಟಿತೆಂದರೆ ಉಳಿಯುವುದು ಬೆವರೊಂದೇ. ಅದೂ ಸುರಿದರೆ ಸಾಲದು, ಆರಬೇಕು. ಇಸ್ತ್ರಿಯ ಹಬೆ ತುಂಬಿದ, ಕಿಟಕಿ ಕಡಿಮೆ ಇರುವ ಹಾಲ್‌ನಲ್ಲಿ ಬೆವರು ಆರುವುದಿಲ್ಲ, ಬೆನ್ನ ಮೇಲೆ ಇಳಿಯುತ್ತದೆ ಅಷ್ಟೆ. ಆಗ ಹೃದಯ ಜೋರಾಗಿ ಬಡಿದು ರಕ್ತವನ್ನು ಚರ್ಮದ ಕಡೆ ತಳ್ಳುತ್ತದೆ. ಕರುಳಿಗೂ ಮೂತ್ರಪಿಂಡಕ್ಕೂ ಸಿಗುವ ಪಾಲು ಕಡಿಮೆಯಾಗುತ್ತದೆ. ತಲೆಸುತ್ತು, ವಾಕರಿಕೆ, ಕಾಲು ಸೆಳೆತ ಮೊದಲ ಮಜಲು. ಮೈಯೊಳಗಿನ ಬಿಸಿ 40 ಡಿಗ್ರಿ ದಾಟಿ, ಮನುಷ್ಯ ಏನೇನೋ ಮಾತಾಡತೊಡಗಿದರೆ ಅದು ಉಷ್ಣಾಘಾತ. ಅಂಥವರನ್ನು ಆಸ್ಪತ್ರೆಗೆ ಸಾಗಿಸುವ ಮುಂಚೆಯೇ ನೆರಳಿಗೆ ತಂದು, ಮೈಮೇಲೆ ನೀರು ಸುರಿದು ಗಾಳಿ ಹಾಕಬೇಕು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ಇಂಥ ಕುಸಿತ ಕಣ್ಣಿಗೆ ಕಾಣುತ್ತದೆ, ಸುದ್ದಿಯೂ ಆಗುತ್ತದೆ. ನನಗೆ ಹೆಚ್ಚು ಕಳವಳ ಹುಟ್ಟಿಸುವುದು ಕಾಣದ ಕೇಡು. ಗಾರ್ಮೆಂಟ್ಸ್‌ನಲ್ಲಿ ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಇರುತ್ತದೆ. ಟಾಯ್ಲೆಟ್ಟಿಗೆ ಎದ್ದರೆ ಲೈನ್ ನಿಲ್ಲುತ್ತದೆ, ಸೂಪರ್‌ವೈಸರ್ ಕೂಗಾಡುತ್ತಾನೆ. ಅದಕ್ಕೆ ಎಷ್ಟೋ ಹೆಣ್ಣುಮಕ್ಕಳು ಕಂಡುಕೊಂಡ ಉಪಾಯ, ನೀರೇ ಕುಡಿಯದಿರುವುದು. ಸಂಜೆಗೆ ಉರಿಮೂತ್ರ. ‘ಉಷ್ಣ ಆಗಿದೆ’ ಎಂದು ಒಂದು ಲೋಟ ಮಜ್ಜಿಗೆಯೋ ಜೀರಿಗೆ ನೀರೋ ಕುಡಿದು ಮಲಗಿದರೆ ಮರುದಿನ ಮತ್ತೆ ಅದೇ. ಒಂದು ದಿನದ ನೀರಿನ ಕೊರತೆಯನ್ನು ಮೂತ್ರಪಿಂಡ ತಡೆದುಕೊಳ್ಳುತ್ತದೆ. ವರ್ಷಗಟ್ಟಲೆ ದಿನವೂ ಸ್ವಲ್ಪ ಸ್ವಲ್ಪ ಒಣಗಿಸಿದರೆ ಅದು ಸದ್ದಿಲ್ಲದೆ ಸವೆಯುತ್ತದೆ.

ಇದು ಊಹೆಯ ಮಾತಲ್ಲ. ಎಲ್ ಸಾಲ್ವಡಾರ್, ನಿಕರಾಗುವಾದ ಕಬ್ಬಿನ ಗದ್ದೆಗಳಲ್ಲಿ ಸಕ್ಕರೆ ಕಾಯಿಲೆಯಾಗಲಿ ಬಿಪಿಯಾಗಲಿ ಇಲ್ಲದ ಪ್ರಾಯದ ಗಂಡಸರು ಮೂತ್ರಪಿಂಡ ಕೆಟ್ಟು ಸಾಯತೊಡಗಿದಾಗ ವೈದ್ಯರ ಅನುಮಾನ ಬಿಸಿಲು ಮತ್ತು ಬೆವರಿನ ದುಡಿಮೆಯ ಮೇಲೆ ಬಲವಾಗಿ ಬಿತ್ತು. ನಮ್ಮ ಪಕ್ಕದಲ್ಲೇ, ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಯ ವಿದ್ಯಾ ವೇಣುಗೋಪಾಲ್ ಅವರ ತಂಡ ತಮಿಳುನಾಡಿನ ಉಪ್ಪಿನ ಆಗರಗಳ 352 ಕೆಲಸಗಾರರನ್ನು ಪರೀಕ್ಷಿಸಿತು. ಹತ್ತರಲ್ಲಿ ಒಂಬತ್ತು ಮಂದಿ ಸುರಕ್ಷಿತ ಮಿತಿ ಮೀರಿದ ಬಿಸಿಯಲ್ಲಿ ದುಡಿಯುತ್ತಿದ್ದರು. ಶೇಕಡ 7ರಷ್ಟು ಮಂದಿಯ ಮೂತ್ರಪಿಂಡದ ಶಕ್ತಿ ಕುಗ್ಗಿತ್ತು. ಅದೇ ಸಂಸ್ಥೆ 800 ಗರ್ಭಿಣಿಯರ ಮೇಲೆ ನಡೆಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಸಿಯಲ್ಲಿ ದುಡಿದವರಿಗೆ ಗರ್ಭಪಾತದ ಅಪಾಯ ಇಮ್ಮಡಿಯಾಗಿತ್ತು. ಪೀಣ್ಯ, ಬೊಮ್ಮನಹಳ್ಳಿಯ ಹೊಲಿಗೆ ಹಾಲ್‌ಗಳಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಹೆಂಗಸರು, ಹೆರುವ ವಯಸ್ಸಿನವರು.

ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲೇ ನಡೆದ ಒಂದು ಸಂಶೋಧನೆಯನ್ನು ಇಲ್ಲಿ ಹೇಳಲೇಬೇಕು. ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನೈಷಧಂ ಎಂಬ ಮೂವರು ಅರ್ಥಶಾಸ್ತ್ರಜ್ಞರು ಇಲ್ಲಿನ ಕಾರ್ಖಾನೆಗಳು ಟ್ಯೂಬ್‌ಲೈಟು ತೆಗೆದು ಎಲ್‌ಇಡಿ ಹಾಕಿಕೊಂಡ ಕಾಲದ ದಿನದಿನದ ಉತ್ಪಾದನೆಯ ಲೆಕ್ಕವನ್ನು ಹವಾಮಾನದ ಲೆಕ್ಕದೊಂದಿಗೆ ಹೋಲಿಸಿದರು. ಮಾಲೀಕರು ದೀಪ ಬದಲಿಸಿದ್ದು ಕರೆಂಟ್ ಬಿಲ್ ಉಳಿಸಲೆಂದು. ಎಲ್‌ಇಡಿ ಕಡಿಮೆ ಬಿಸಿ ಉಗುಳುವುದರಿಂದ ಬಿಸಿಲು ಹೆಚ್ಚಿದ ದಿನಗಳಲ್ಲಿ ಹೊಲಿಗೆಯ ಕೆಲಸವೂ ಹೆಚ್ಚು ಸಾಗಿತು. 2020ರಲ್ಲಿ ಪ್ರಕಟವಾದ ಲೆಕ್ಕದಂತೆ ಒಂದು ಕಾರ್ಖಾನೆಗೆ ಸರಾಸರಿ 2,880 ಡಾಲರ್ ಕರೆಂಟು ಉಳಿಯಿತು, ಉತ್ಪಾದನೆಯಿಂದ ಸುಮಾರು 7,500 ಡಾಲರ್ ಬಂತು. ಮೇಜಿನ ಹತ್ತಿರದ ದೀಪದಿಂದಲೇ ಇಷ್ಟು ವ್ಯತ್ಯಾಸವಾದರೆ, ತಲೆಯ ಮೇಲೆ ಕಾಯುವ ಇಡೀ ಮಾಡಿನ ಕತೆ ಏನು? ಅಧ್ಯಯನ ಅಳೆದದ್ದು ಪೀಸುಗಳನ್ನು, ಟೈಲರಮ್ಮನ ನಾಡಿಯನ್ನಲ್ಲ. ಆದರೂ ಮಾಲೀಕರ ಮುಂದೆ ಇಡಲು ಇದಕ್ಕಿಂತ ಒಳ್ಳೆಯ ಕಾಗದ ಇನ್ನೊಂದಿಲ್ಲ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳೊಳಗೆ ಈ ಚಿಂತೆಯಿಲ್ಲ ಎನ್ನಬಹುದು. ಒಳಗಿರುವವರಿಗೆ ಹೌದು. ಏಸಿ ಒಳಗಿನ ಬಿಸಿಯನ್ನು ಇಲ್ಲವಾಗಿಸುವುದಿಲ್ಲ, ಹೊರಗೆ ಎಸೆಯುತ್ತದೆ. ಗಾಜು ಬಿಸಿಲನ್ನು ರಸ್ತೆಗೆ ವಾಪಸು ಚೆಲ್ಲುತ್ತದೆ. ಎರಡನ್ನೂ ಹೊರುವವರು ಗೇಟಿನ ಸೆಕ್ಯುರಿಟಿ, ಕ್ಯಾಬಿನ ಡ್ರೈವರು, ಸಿಗ್ನಲ್‌ನಲ್ಲಿ ಹೆಲ್ಮೆಟ್ಟಿನೊಳಗೆ ಬೇಯುವ ಡೆಲಿವರಿ ಹುಡುಗ. ಇವರೆಲ್ಲ ಸಂಜೆ ಮರಳುವುದು ಬಹುಪಾಲು ಶೀಟಿನ ಮನೆಗೇ. ರಾತ್ರಿ ತಂಪಾದರೆ ಮೈ ಚೇತರಿಸಿಕೊಳ್ಳುತ್ತದೆ, ಆದರೆ ಹಗಲಿಡೀ ಕಾದ ಕಾಂಕ್ರೀಟು ಸುತ್ತ ತುಂಬಿರುವಾಗ ಆ ತಂಪು ಬರುವುದೇ ನಡುರಾತ್ರಿಯ ಮೇಲೆ. 1973ರಿಂದೀಚೆಗೆ ನಗರದ ಹಸಿರು ಶೇಕಡ 88ರಷ್ಟು, ಕೆರೆಕುಂಟೆಗಳ ನೀರಿನ ಹರವು ಶೇಕಡ 79ರಷ್ಟು ಕರಗಿದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಎಣಿಸಿದೆ. ಒಳಗೆ ಕೂತ ಟೆಕ್ಕಿಗೂ ಒಂದು ಮಾತು: ಮೈ ಬಿಸಿಗೆ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು. ವಾರವಿಡೀ ಏಸಿಯಲ್ಲಿದ್ದು ಏಪ್ರಿಲ್ ಭಾನುವಾರ ಹನ್ನೊಂದು ಗಂಟೆಗೆ ಕ್ರಿಕೆಟ್ಟಿಗೆ ಇಳಿಯುವುದು ಜಾಣತನವಲ್ಲ.

ಇನ್ನು ನೀರು. ದೇಹ ಹೆಚ್ಚು ನೀರು ಕೇಳುವ ತಿಂಗಳಲ್ಲೇ ನಗರದ ಹೊರವಲಯಕ್ಕೆ ನೀರಿರುವುದಿಲ್ಲ. 2024ರ ಮಾರ್ಚ್‌ನಲ್ಲಿ ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ಹೇಳಿದರು. ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದಿತು. ಅಪಾರ್ಟ್‌ಮೆಂಟಿನವರು ಟ್ಯಾಂಕರಿಗೆ ಫೋನು ಹಚ್ಚಿದರು. ಶೀಟಿನ ಮನೆಯವರು ಡ್ರಮ್ಮಿನಲ್ಲಿ ಕೂಡಿಟ್ಟರು. ಹಾಗೆ ಮುಚ್ಚದೆ ಕೂಡಿಟ್ಟ ನೀರಲ್ಲಿ ಡೆಂಗಿ ಸೊಳ್ಳೆ ಮರಿ ಮಾಡುತ್ತದೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಬೇಕಾಯಿತು.

ಬೇರೆಯವರು ಏನು ಮಾಡಿದ್ದಾರೆ? ಕೇರಳದಲ್ಲಿ ಬೇಸಿಗೆ ಬಂತೆಂದರೆ ಬಯಲಲ್ಲಿ ದುಡಿಯುವವರಿಗೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಬಿಡುವು ಕೊಡಬೇಕೆಂದು ಕಾರ್ಮಿಕ ಇಲಾಖೆ ಆದೇಶಿಸುತ್ತದೆ. ನಮ್ಮ ಕರಾವಳಿಯ ಎಷ್ಟೋ ಮನೆಯವರು ದುಡಿಯುವ ಕತಾರ್‌ನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ ಬೆಳಿಗ್ಗೆ ಹತ್ತರಿಂದ ಮೂರೂವರೆವರೆಗೆ ಬಿಸಿಲ ಕೆಲಸ ನಿಷಿದ್ಧ. ಶೀಟಿನಡಿ ದುಡಿಯುವವರಿಗೆ ಇವೆರಡೂ ಒದಗುವುದಿಲ್ಲ, ಕಾಗದದ ಮೇಲೆ ಅವರು ನೆರಳಲ್ಲಿದ್ದಾರೆ.

ಅವರಿಗಾಗಿ ಬರೆದ ಕಾನೂನು ಹಳೆಯದು. 1948ರ ಕಾರ್ಖಾನೆ ಕಾಯಿದೆಯ 13ನೇ ಕಲಂ ಗೋಡೆ, ಮಾಡುಗಳು ಒಳಗಿನ ಬಿಸಿಯನ್ನು ಆದಷ್ಟು ಕಡಿಮೆ ಇಡುವಂತಿರಬೇಕು ಎಂದಿತು. ಸುಣ್ಣ ಬಳಿಯುವುದು, ನೀರು ಚಿಮುಕಿಸುವುದು, ಮಾಡನ್ನು ಎತ್ತರಿಸುವುದು ಎಂದು ಉಪಾಯಗಳನ್ನೂ ಹೆಸರಿಸಿ, ಹಾಗೆ ಮಾಡಿಸುವ ಅಧಿಕಾರವನ್ನು ಮುಖ್ಯ ತನಿಖಾಧಿಕಾರಿಗೆ ಕೊಟ್ಟಿತು. 250ಕ್ಕಿಂತ ಹೆಚ್ಚು ಕೆಲಸಗಾರರಿದ್ದರೆ ಬೇಸಿಗೆಯಲ್ಲಿ ತಣ್ಣೀರು ಕೊಡಬೇಕೆಂದು 18ನೇ ಕಲಂ ಹೇಳಿತು. ಇವತ್ತು ‘ಕೂಲ್ ರೂಫ್’ ಎಂದು ಹೊಸ ಹೆಸರಲ್ಲಿ ಬರುತ್ತಿರುವುದು ಆ ಸುಣ್ಣವೇ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಈ ಕಾಯಿದೆ ಅವುಗಳೊಳಗೆ ಸೇರಿಹೋಯಿತು. ಗಾಳಿ, ಉಷ್ಣಾಂಶದ ವಿವರಗಳು ನಿಯಮಗಳ ಪಾಲಾದವು. ಆ ನಿಯಮಗಳಲ್ಲಿ ಶೆಡ್ಡಿನೊಳಗಿನ ಬಿಸಿ ಮತ್ತು ತೇವವನ್ನು ಕೂಡಿಸಿ ಅಳೆದು ಬರೆದಿಡಬೇಕೆಂಬ ಒಂದು ಸಾಲು ಬೇಕು. ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯ ಭರವಸೆಯೂ ಸಂಹಿತೆಯಲ್ಲಿದೆ. ಅದನ್ನು ಮೇ ಕೊನೆಯಲ್ಲಿಟ್ಟು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಸೇರಿಸಿದರೆ ಸವೆಯುತ್ತಿರುವ ಮೂತ್ರಪಿಂಡಗಳು ವೇಳೆಯಿರುವಾಗಲೇ ಲೆಕ್ಕಕ್ಕೆ ಸಿಗುತ್ತವೆ. ಆದರೆ ಈ ತಪಾಸಣೆ 40 ದಾಟಿದವರಿಗೆ ಎಂದು ಸರ್ಕಾರ ಹೇಳುತ್ತಿದೆ. ಹೊಲಿಗೆ ಹಾಲ್‌ನಲ್ಲಿ ಕೂತ ಎಷ್ಟೋ ಹುಡುಗಿಯರಿಗೆ ಇನ್ನೂ ಇಪ್ಪತ್ತೈದೂ ಆಗಿಲ್ಲ.