ಮನೆಯಿಂದಲೇ ಕಚೇರಿಯ ಲೆಕ್ಕಪತ್ರ: ಅನುಕೂಲವೂ ಅಪಾಯವೂ

ಮಾಸಿಕ ವಿವರಣೆ ಸಲ್ಲಿಸುವ ವರ್ತಕರಿಗೆ ತಿಂಗಳ 11ರಂದು ಜಿಎಸ್‌ಟಿಆರ್-1, 20ರಂದು ಜಿಎಸ್‌ಟಿಆರ್-3ಬಿ. ಈ ದಿನಾಂಕಗಳು ಸಮೀಪಿಸಿದಾಗ ಅಂಗಡಿಯ ಬಾಗಿಲು ಹಾಕಿದ ಮೇಲೂ ಲೆಕ್ಕದ ಕೆಲಸ ಮುಗಿಯುವುದಿಲ್ಲ. ಕಚೇರಿಯ ಗಣಕಯಂತ್ರದಲ್ಲಿರುವ ಖಾತೆ, ದಾಸ್ತಾನು, ಬಾಕಿ ವಸೂಲಿಯ ವಿವರಗಳನ್ನು ಮನೆಯಿಂದಲೇ ನೋಡುವುದು 2020ರ ಲಾಕ್‌ಡೌನ್ ಕಾಲದಲ್ಲಿ ಅನೇಕರಿಗೆ ಅನಿವಾರ್ಯವಾಯಿತು. ಅಂದು ಅವಸರದಲ್ಲಿ ಮಾಡಿಕೊಂಡ ವ್ಯವಸ್ಥೆಯೇ ಇಂದಿಗೂ ನಡೆಯುತ್ತಿದ್ದರೆ ಅದನ್ನು ಒಮ್ಮೆ ಪರಿಶೀಲಿಸುವುದು ಲೇಸು.

ಕೆಲವರು ತಂತ್ರಾಂಶವನ್ನು ಮನೆಯ ಯಂತ್ರದಲ್ಲಿ ಸ್ಥಾಪಿಸಿ, ಕಚೇರಿಯಲ್ಲಿರುವ ದತ್ತಾಂಶದ ಕಡತವನ್ನು ಅಂತರ್ಜಾಲದ ಮೂಲಕ ನೇರವಾಗಿ ತೆರೆಯುತ್ತಾರೆ. ಮೈಕ್ರೋಸಾಫ್ಟ್ ಆಕ್ಸೆಸ್‌ನಂತಹ ಕಡತರೂಪದ ದತ್ತಸಂಚಯಕ್ಕೆ ಇದು ಒಗ್ಗದು. ಒಂದು ಬಿಲ್ಲನ್ನು ಹುಡುಕಲು ಕಡತದ ಎಷ್ಟೋ ಭಾಗ ಮನೆಯವರೆಗೆ ಹರಿದು ಬರಬೇಕಾಗುತ್ತದೆ. ನಮೂದು ಮಾಡುವಾಗ ಸಂಪರ್ಕ ಕಡಿದರೆ ಕಡತವೇ ಕೆಡಬಹುದು. ರಿಮೋಟ್ ಡೆಸ್ಕ್‌ಟಾಪ್ ವಿಧಾನದಲ್ಲಿ ಲೆಕ್ಕವೆಲ್ಲ ಕಚೇರಿಯ ಯಂತ್ರದಲ್ಲಿಯೇ ನಡೆದು, ಪರದೆಯ ಚಿತ್ರ ಮಾತ್ರ ಮನೆಗೆ ಬರುತ್ತದೆ. ಸಂಪರ್ಕ ತಪ್ಪಿದರೂ ದತ್ತಾಂಶ ಸ್ವಸ್ಥಾನದಲ್ಲಿ ಉಳಿಯುತ್ತದೆ. ಇದಕ್ಕೆ ಕಚೇರಿಯ ಯಂತ್ರದಲ್ಲಿ ವಿಂಡೋಸ್‌ನ ಪ್ರೊ ಆವೃತ್ತಿ ಅಗತ್ಯ. ಹೋಮ್ ಆವೃತ್ತಿಯಲ್ಲಿ ಈ ಸೌಲಭ್ಯವಿಲ್ಲ. ರಾತ್ರಿ ಮೇನ್ ಸ್ವಿಚ್ ಆರಿಸಿ ಬೀಗ ಹಾಕುವ ಅಂಗಡಿಗಳಲ್ಲಂತೂ ಈ ಯಾವ ತಂತ್ರಜ್ಞಾನವೂ ನಡೆಯದು!

ನಿಜವಾದ ಅಪಾಯವಿರುವುದು ರೂಟರಿನಲ್ಲಿ. ಕೆಲಸ ಬೇಗ ಮುಗಿಯಲೆಂದು ತಂತ್ರಜ್ಞರು ರಿಮೋಟ್ ಡೆಸ್ಕ್‌ಟಾಪಿನ 3389ನೆಯ ಪೋರ್ಟನ್ನು ಅಂತರ್ಜಾಲಕ್ಕೆ ನೇರವಾಗಿ ತೆರೆದುಬಿಡುವುದುಂಟು. ಆಗ ಮಾಲೀಕರಿಗೆ ತೆರೆದ ಬಾಗಿಲು ಜಗತ್ತಿಗೆಲ್ಲ ತೆರೆದಂತೆಯೇ. ಇಂತಹ ಬಾಗಿಲುಗಳನ್ನು ಹುಡುಕಿ, ಒಂದಾದ ಮೇಲೊಂದು ಪಾಸ್‌ವರ್ಡ್ ಪ್ರಯೋಗಿಸುವ ತಂತ್ರಾಂಶಗಳು ಹಗಲಿರುಳೂ ದುಡಿಯುತ್ತಿರುತ್ತವೆ. ಪೋರ್ಟಿನ ಸಂಖ್ಯೆ ಬದಲಿಸಿದ ಮಾತ್ರಕ್ಕೆ ರಕ್ಷಣೆ ದೊರೆಯದು. 2019ರ ಮೇ ತಿಂಗಳಲ್ಲಿ ಪ್ರಕಟವಾದ ಬ್ಲೂಕೀಪ್ ಎಂಬ ದೋಷಕ್ಕೆ ಪಾಸ್‌ವರ್ಡೇ ಬೇಕಿರಲಿಲ್ಲ. 2014ರಲ್ಲಿಯೇ ಬೆಂಬಲ ನಿಲ್ಲಿಸಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ತಿದ್ದುಪಡಿ ನೀಡಬೇಕಾಯಿತು. ಒಳನುಗ್ಗಿದವರು ಕಡತಗಳನ್ನೆಲ್ಲ ಗೂಢಲಿಪಿಗೆ ಮಾರ್ಪಡಿಸಿ ಒತ್ತೆಹಣ ಕೇಳುತ್ತಾರೆ. ಹಣ ತೆತ್ತರೂ ಖಾತೆ ಮರಳುವ ಭರವಸೆಯಿಲ್ಲ.

ಆದ್ದರಿಂದ ಆ ಪೋರ್ಟನ್ನು ಮುಚ್ಚಿಸಿ, ಮೊದಲು ವಿಪಿಎನ್ ಮೂಲಕ ಕಚೇರಿಯ ಜಾಲವನ್ನು ಸೇರಿ, ಅನಂತರವೇ ರಿಮೋಟ್ ಡೆಸ್ಕ್‌ಟಾಪ್ ಬಳಸಬೇಕು. ವಿಪಿಎನ್ ಪ್ರವೇಶಕ್ಕೆ ಪಾಸ್‌ವರ್ಡಿನ ಜೊತೆಗೆ ಮೊಬೈಲಿನ ಸಂಕೇತವೂ ಇರಲಿ. ಗುಮಾಸ್ತರು, ಲೆಕ್ಕಿಗರು, ಮಾಲೀಕರು ಒಂದೇ ಪಾಸ್‌ವರ್ಡ್ ಹಂಚಿಕೊಳ್ಳುವ ರೂಢಿ ಸಲ್ಲದು. ಕೆಲಸ ಬಿಟ್ಟವರ ಪ್ರವೇಶವನ್ನು ಅಂದೇ ರದ್ದುಪಡಿಸಬೇಕು. ಮಕ್ಕಳು ಆಟಗಳನ್ನು ಇಳಿಸಿಕೊಳ್ಳುವ ಯಂತ್ರದಿಂದ ಕಚೇರಿಯ ಖಾತೆ ತೆರೆಯದಿರುವುದೇ ವಿವೇಕ. ಎನಿಡೆಸ್ಕ್ ಮೊದಲಾದವುಗಳಿಂದ ವಿಪಿಎನ್ ಇಲ್ಲದೆಯೂ ಕೆಲಸವಾಗುತ್ತದೆ, ನಿಜ. ಆದರೆ ಅಪರಿಚಿತರು ದೂರವಾಣಿಯಲ್ಲಿ ಕೇಳುವ ಅದರ ಸಂಕೇತ ಸಂಖ್ಯೆಯನ್ನು ಕೊಟ್ಟರೆ ಇಡೀ ಯಂತ್ರವನ್ನೇ ಒಪ್ಪಿಸಿದಂತೆ. ಈ ಬಗೆಯ ವಂಚನೆಯ ಕುರಿತು ರಿಸರ್ವ್ ಬ್ಯಾಂಕ್ 2019ರಲ್ಲಿಯೇ ಎಚ್ಚರಿಸಿತ್ತು.

ಇನ್ನು ಬ್ಯಾಕಪ್. ಯಂತ್ರಕ್ಕೆ ಸದಾ ಜೋಡಿಸಿಟ್ಟ ಡಿಸ್ಕ್ ಕೂಡ ದಾಳಿಯಲ್ಲಿ ಹಾಳಾಗುತ್ತದೆ. ಪ್ರತಿ ಸಂಜೆ ಪ್ರತಿ ತೆಗೆದು ಅದನ್ನು ಬೇರ್ಪಡಿಸಿ ಇಡಬೇಕು. ವಿದ್ಯುನ್ಮಾನ ರೂಪದಲ್ಲಿ ಲೆಕ್ಕ ಇಡುವ ಕಂಪನಿಗಳು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನ ಬ್ಯಾಕಪ್ ಇರಿಸಬೇಕೆಂದು 2022ರ ಆಗಸ್ಟ್‌ನ ನಿಯಮ ತಿದ್ದುಪಡಿ ವಿಧಿಸಿದೆ. ಒತ್ತೆಹಣದ ದಾಳಿಯಂತಹ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕೆಂಬುದು 2022ರ ಏಪ್ರಿಲ್ 28ರ ನಿರ್ದೇಶನ. ಮೂರು ತಿಂಗಳಿಗೊಮ್ಮೆಯಾದರೂ ಬ್ಯಾಕಪ್ಪನ್ನು ಬೇರೊಂದು ಯಂತ್ರದಲ್ಲಿ ತೆರೆದು, ಹಿಂದಿನ ದಿನದ ಕೊನೆಯ ಬಿಲ್ಲು ಅದರಲ್ಲಿದೆಯೇ ಎಂದು ನೋಡತಕ್ಕದ್ದು.